ಹೆಸರಘಟ್ಟದ ಹುಲ್ಲಿಗೆ 45 ದಿನ: ಒಂದು ಪ್ರಕರಣ ಅಧ್ಯಯನ

ಪರಿಸ್ಥಿತಿ

ಬೆಂಗಳೂರಿನ ವಾಯವ್ಯಕ್ಕೆ, ಯಲಹಂಕ ತಾಲ್ಲೂಕಿನಲ್ಲಿ, ಹೆಸರಘಟ್ಟ ಕೆರೆಯ ಸುತ್ತ ಐದು ಸಾವಿರ ಎಕರೆಗೂ ಹೆಚ್ಚು ಹುಲ್ಲುಗಾವಲು ಇನ್ನೂ ಉಳಿದಿದೆ. ನಂದಿ ಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಗೆ ಅಡ್ಡಲಾಗಿ 1894ರಲ್ಲಿ ಇಲ್ಲಿ ಕೆರೆ ಕಟ್ಟಿ ನಗರಕ್ಕೆ ನೀರು ಒಯ್ದರು. ಕೆರೆಯ ಜಲಾನಯನ ಎಂಬ ಕಾರಣಕ್ಕೂ, ಜಾನುವಾರು ತಳಿ ಕೇಂದ್ರಗಳಿಗೆ ಕೊಟ್ಟ ಜಮೀನು ಎಂಬ ಕಾರಣಕ್ಕೂ ಈ ಬಯಲು ಸೈಟುಗಳಾಗಲಿಲ್ಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಇಲ್ಲಿ ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ರಾತ್ರಿ ಕಳೆಯುತ್ತವೆ. ನೆಲಗುಬ್ಬಿ, ಪಿಪಿಟ್, ಗೌಜಲ ಹಕ್ಕಿ, ಲಾವುಗೆ, ಟಿಟ್ಟಿಭಗಳು ನೆಲದಲ್ಲೇ ಮೊಟ್ಟೆ ಇಡುತ್ತವೆ. ದೇಶದಲ್ಲೇ ಅಳಿವಿನಂಚಿಗೆ ಬಂದಿರುವ ಲೆಸ್ಸರ್ ಫ್ಲೋರಿಕನ್ ಕೂಡ ಇಲ್ಲಿ ಕಂಡ ದಾಖಲೆ ಇದೆ.

ಈ ಬಯಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರಲ್ಲಿ ತಳ್ಳಿಹಾಕಿತು, 2024ರಲ್ಲಿ ಒಪ್ಪಿತು. ಹೀಗಾಗಿ ಜಮೀನು ಉಳಿಯುತ್ತದೆಯೇ ಎಂಬ ಪ್ರಶ್ನೆಯ ಜೊತೆಗೆ ಹುಲ್ಲು ಉಳಿಯುತ್ತದೆಯೇ ಎಂಬ ಪ್ರಶ್ನೆಯೂ ಎದುರಿಗೆ ಬಂದಿದೆ. ಸುತ್ತಲಿನ ಹಳ್ಳಿಗಳ ದನ, ಕುರಿ, ಮೇಕೆಗಳು ತಲೆಮಾರುಗಳಿಂದ ಮೇಯುತ್ತಿರುವ ಜಾಗ ಇದು. ಬೇಲಿ ಹಾಕಿ ದನ ಓಡಿಸಿಬಿಡಿ ಎನ್ನುವವರಿದ್ದಾರೆ. ಇದ್ದಂತೆಯೇ ಬಿಡಿ ಎನ್ನುವವರೂ ಇದ್ದಾರೆ. ಎರಡೂ ದಾರಿಯಲ್ಲಿ ಹುಲ್ಲುಗಾವಲು ಕೆಡುತ್ತದೆ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಒಣಹುಲ್ಲು ಗುಪ್ಪೆಗಟ್ಟಿ ಹೊಸ ಚಿಗುರನ್ನು ಮುಚ್ಚುತ್ತದೆ, ಬೇಸಿಗೆಯ ಬೆಂಕಿಗೆ ಉರುವಲಾಗುತ್ತದೆ, ಲಂಟಾನ ಮತ್ತು ಬಳ್ಳಾರಿ ಜಾಲಿ ನುಗ್ಗುತ್ತವೆ, ಗಿಡ್ಡ ಹುಲ್ಲನ್ನೇ ಬಯಸುವ ಹಳದಿ ಟಿಟ್ಟಿಭ ಜಾಗ ಬಿಡುತ್ತದೆ. ವರ್ಷವಿಡೀ ಮೇಯಿಸಿದರೆ ಬಹುವಾರ್ಷಿಕ ಹುಲ್ಲು ಸತ್ತು ಪಾರ್ಥೇನಿಯಂ ಮತ್ತು ಬರಿ ಕೆಮ್ಮಣ್ಣು ಉಳಿಯುತ್ತದೆ.

ಈ ಅಧ್ಯಯನ ಒಂದೇ ಸಂಗತಿಯನ್ನು ಹಿಡಿದು ಹೋಗುತ್ತದೆ: ಬಯಲಿಗೆ ಯಾವಾಗ ವಿಶ್ರಾಂತಿ ಸಿಗುತ್ತದೆ ಎಂಬುದನ್ನು ಅದರ ಅಂಚಿನಲ್ಲಿರುವ ರಾಗಿ ಹೊಲದ ಬಣವೆ ತೀರ್ಮಾನಿಸುತ್ತದೆ.

ಮೇವಿನ ಲೆಕ್ಕ

ಲೆಕ್ಕಕ್ಕೆ ಈ ಭಾಗದ ಒಂದು ಮಾದರಿ ಹಿಡುವಳಿ ಇಟ್ಟುಕೊಂಡಿದ್ದೇವೆ. ಆರು ಎಕರೆ ಖುಷ್ಕಿ, ಅದರಲ್ಲಿ ಮೂರು ಎಕರೆ ರಾಗಿ, ಮೂರು ಎಕರೆ ಹುಲ್ಲು ಬಿಟ್ಟ ಬೀಳು. ಎರಡು ನಾಟಿ ಹಸು, ನಲವತ್ತು ಕುರಿ.

ಸುಮಾರು 300 ಕಿಲೋ ತೂಗುವ ನಾಟಿ ಹಸು ದಿನಕ್ಕೆ ತನ್ನ ತೂಕದ ಶೇ. 2.5ರಷ್ಟು, ಅಂದರೆ ಏಳೂವರೆ ಕಿಲೋ ಒಣಮೇವು ತಿನ್ನುತ್ತದೆ. 30 ಕಿಲೋದ ಕುರಿಗೆ ಹೆಚ್ಚುಕಡಿಮೆ ಒಂದು ಕಿಲೋ. ಎರಡು ಹಸುವಿಗೆ 15, ನಲವತ್ತು ಕುರಿಗೆ 40, ಒಟ್ಟು ದಿನಕ್ಕೆ 55 ಕಿಲೋ. ವರ್ಷಕ್ಕೆ 20 ಟನ್.

ಹುಲ್ಲು ಎಷ್ಟಿದೆ ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಬಾರದು. ಒಂದು ಮೀಟರ್ ಉದ್ದಗಲದ ಬಿದಿರಿನ ಚೌಕಟ್ಟು ಮಾಡಿ, ಹುಲ್ಲು ತೆನೆ ಬಿಡುವ ಹೊತ್ತಿಗೆ ಬಯಲಿನ ಹತ್ತು ಕಡೆ ಹಾಕಿ, ಒಳಗಿನ ಹುಲ್ಲನ್ನು ನಾಲ್ಕು ಬೆರಳು ಬಿಟ್ಟು ಕೊಯ್ದು, ನಾಲ್ಕೈದು ದಿನ ಒಣಗಿಸಿ ತೂಗಬೇಕು. ಒಳ್ಳೆಯ ತುಂಡು, ಕೆಟ್ಟ ತುಂಡು ಎಂದು ಆರಿಸಬಾರದು. ಚೌಕಟ್ಟು ಬಿದ್ದಲ್ಲೇ ಕೊಯ್ಯಬೇಕು. ಚದರ ಮೀಟರಿಗೆ 200 ಗ್ರಾಂ ಬಂದರೆ ಎಕರೆಗೆ ಸುಮಾರು 800 ಕಿಲೋ. ಇದರಲ್ಲಿ ಅರ್ಧ ಮಾತ್ರ ಪ್ರಾಣಿಗಳದ್ದು. ಉಳಿದರ್ಧ ಬೇರಿಗೆ, ಮಣ್ಣಿಗೆ, ಹಕ್ಕಿಗೆ. ಮುಂಗಾರಿನದೊಂದು, ಹಿಂಗಾರಿನದೊಂದು ಎಂದು ಎರಡು ಬೆಳವಣಿಗೆ ಸಿಕ್ಕರೆ ವರ್ಷಕ್ಕೆ ಎಕರೆಗೆ 800 ಕಿಲೋ ಬಳಸಬಹುದು. ಮೂರು ಎಕರೆ ಬೀಳಿನಿಂದ 2.4 ಟನ್.

ರಾಗಿಯಿಂದ ಎಕರೆಗೆ ಒಂದೂವರೆ ಟನ್ ಹುಲ್ಲು ಹಿಡಿದರೆ ಮೂರು ಎಕರೆಗೆ 4.5 ಟನ್. ಅವರೆ, ತೊಗರಿಯ ಹೊಟ್ಟು ಸೇರಿ ಹಿಡುವಳಿಯ ಸ್ವಂತ ಮೇವು ಏಳು ಟನ್ನಿಗೆ ಸ್ವಲ್ಪ ಮೇಲೆ, ಅಂದರೆ ಸುಮಾರು 130 ದಿನದ ಊಟ. ಉಳಿದ 235 ದಿನ ಮಂದೆ ಬಯಲಿನ ಮೇಲೆಯೇ ಬದುಕುತ್ತದೆ.

ಗೋಮಾಳ ಇದೆಯಲ್ಲ ಎನ್ನಬಹುದು. ಕರ್ನಾಟಕ ಭೂಕಂದಾಯ ನಿಯಮಗಳು, 1966 ನೂರು ಜಾನುವಾರಿಗೆ 30 ಎಕರೆ ಗೋಮಾಳ ಇರಬೇಕೆನ್ನುತ್ತವೆ. ಮೇಲಿನ ಲೆಕ್ಕದಲ್ಲೇ ನೋಡಿದರೆ 30 ಎಕರೆ ಕೊಡುವುದು ವರ್ಷಕ್ಕೆ 24 ಟನ್, ನೂರು ನಾಟಿ ಹಸು ತಿನ್ನುವುದು ದಿನಕ್ಕೆ 750 ಕಿಲೋ. ಒಂದು ತಿಂಗಳಿಗೆ ಖಾಲಿ. ಕಾಗದದ ಮೇಲೆ ಪೂರ್ತಿ ಗೋಮಾಳ ಉಳಿದಿರುವ ಊರಲ್ಲೂ ಹನ್ನೊಂದು ತಿಂಗಳ ಮೇವು ಬೇರೆಡೆಯಿಂದ ಬರಬೇಕು. ಒತ್ತುವರಿಯಾದ ಊರುಗಳ ಪಾಡು ಹೇಳಬೇಕಿಲ್ಲ.

ಎಲ್ಲಿ ತಪ್ಪುತ್ತಿದೆ

ಆ 130 ದಿನದ ಸ್ವಂತ ಮೇವನ್ನು ವರ್ಷದ ಯಾವ ದಿನಗಳಿಗೆ ಇಡುತ್ತಾರೆ ಎಂಬುದೇ ಇಲ್ಲಿನ ಗಂಟು. ವಾಡಿಕೆಯಲ್ಲಿ ಬಣವೆ ಬೇಸಿಗೆಗೆ. ಏಪ್ರಿಲ್ ಕೊನೆಗೆ ಬಣವೆ ಮುಗಿಯುತ್ತದೆ, ಭರಣಿ ಮಳೆ ಬೀಳುತ್ತದೆ, ಕೃತ್ತಿಕೆ ಮುಗಿಯುವ ಹೊತ್ತಿಗೆ ಬಯಲು ಹಸಿರಾಗುತ್ತದೆ, ಹಸಿದ ಮಂದೆ ಅದೇ ದಿನ ಹೊರಬೀಳುತ್ತದೆ.

ಹುಲ್ಲಿಗೆ ವರ್ಷದಲ್ಲೇ ಅತಿ ನಾಜೂಕಿನ ಹೊತ್ತು ಅದು. ಮೊದಲ ಚಿಗುರು ಬರುವುದು ಬೇರಿನಲ್ಲಿ ಕೂಡಿಟ್ಟ ಸತ್ವದಿಂದ. ಎಲೆ ಬೆಳೆದು ಬಿಸಿಲು ಹಿಡಿದು ಆ ಸತ್ವವನ್ನು ಮರಳಿ ತುಂಬುವ ಮೊದಲೇ ಕುರಿ ಕಚ್ಚಿದರೆ ಬುಡ ಮತ್ತೊಮ್ಮೆ ಬೇರಿನಿಂದಲೇ ಎಳೆಯುತ್ತದೆ. ಮೂರು ಸಲ ಹೀಗಾದರೆ ಬೇರು ಗಿಡ್ಡವಾಗುತ್ತದೆ. ಆಗಸ್ಟಿನಲ್ಲಿ ಎರಡು ವಾರ ಮಳೆ ಕೈಕೊಟ್ಟರೆ ಬುಡವೇ ಒಣಗುತ್ತದೆ. ಖಾಲಿಯಾದ ಜಾಗಕ್ಕೆ ಪಾರ್ಥೇನಿಯಂ ಬರುತ್ತದೆ. ನೆಲಗುಬ್ಬಿ, ಟಿಟ್ಟಿಭಗಳ ಗೂಡುಗಳೂ ಈ ಹೊತ್ತಿನಲ್ಲಿ ನೆಲದಲ್ಲಿರುತ್ತವೆ. ಗೊರಸಿಗೆ ಸಿಕ್ಕಿ ಮೊಟ್ಟೆ ಒಡೆಯುವುದಕ್ಕಿಂತ, ಹುಲ್ಲಿನ ಮರೆ ಹೋಗಿ ಕಾಗೆ ಮತ್ತು ನಾಯಿಗೆ ಗೂಡು ಕಾಣುವುದು ದೊಡ್ಡ ಕೇಡು.

ಕುರಿಗೂ ಇದು ಒಳ್ಳೆಯ ಹೊತ್ತಲ್ಲ. ಒಣಮೇವಿನಿಂದ ಏಕಾಏಕಿ ಎಳೆ ಹುಲ್ಲಿಗೆ ಬಿದ್ದ ಕುರಿಯಲ್ಲಿ ಕರುಳುಬೇನೆ ಬರುತ್ತದೆ. ರಾತ್ರಿ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುತ್ತದೆ, ಅದೂ ಮಂದೆಯಲ್ಲಿ ದಷ್ಟಪುಷ್ಟವಾದದ್ದೇ.

ಹಳೆಯ ಮೈಸೂರಿನಲ್ಲಿ ಈ ತಿಳಿವಳಿಕೆ ಆಡಳಿತದೊಳಗೇ ಇತ್ತು. ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ, ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಇಲಾಖೆ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ಕಾವಲುಗಳನ್ನು, ಅಂದರೆ ಮೇಯಲು ಕಾದಿಟ್ಟ ಹುಲ್ಲುಗಾವಲುಗಳನ್ನು, ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಋತುವಿಗೆ ತಕ್ಕಂತೆ ಸಾಗಿಸುತ್ತಿದ್ದರು. ಒಂದು ಕಾವಲಿನಲ್ಲಿ ದನ ಇದ್ದಾಗ ಇನ್ನೆರಡು ಬೆಳೆಯುತ್ತಿದ್ದವು.

ಬದಲಾವಣೆ: ಬಣವೆಯನ್ನು ಮುಂಗಾರಿಗೂ ಹಂಚುವುದು

4.5 ಟನ್ ರಾಗಿ ಹುಲ್ಲಿನಲ್ಲಿ 2.5 ಟನ್ನನ್ನು ಮುಂಗಾರಿಗೆಂದೇ ಬೇರೆ ಮೆದೆ ಒಟ್ಟಬೇಕು. ದಿನಕ್ಕೆ 55 ಕಿಲೋದಂತೆ ಅದು 45 ದಿನಕ್ಕೆ ಸಾಕು. ಬಯಲು ಹಸಿರಾದ ದಿನದಿಂದ ಎಣಿಸಿದರೆ, ಸಾಮಾನ್ಯವಾಗಿ ರೋಹಿಣಿಯಿಂದ ಪುನರ್ವಸುವಿನ ಆರಂಭದವರೆಗೆ (ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ), ಮಂದೆ ಮನೆಯಲ್ಲಿ. ಮಳೆಗೆ ಸಿಗುವ ಮೆದೆ ಇದಾದ್ದರಿಂದ ಕಲ್ಲಿನ ಅಟ್ಟಣೆಯ ಮೇಲೆ, ನೆಲದಿಂದ ಒಂದು ಮೊಳ ಎತ್ತರಕ್ಕೆ ಒಟ್ಟಿ, ನೆತ್ತಿಯನ್ನು ಇಳಿಜಾರು ಮಾಡಿ ಮುಚ್ಚಬೇಕು. ಕಪ್ಪಗಾಗಿ ಬೂಸಲು ಹಿಡಿದ ಹುಲ್ಲನ್ನು ಕುರಿಗೆ ಹಾಕಬಾರದು. ಗಬ್ಬದ ಕುರಿ ಕಂದು ಹಾಕುತ್ತದೆ.

ಬರೀ ರಾಗಿ ಹುಲ್ಲಿನಲ್ಲಿ ಸಸಾರಜನಕ ಕಡಿಮೆ. ಅವರೆ ಅಥವಾ ಹುರುಳಿ ಹೊಟ್ಟು, ಬದುವಿನ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಸೊಪ್ಪು ಸೇರಿಸಬೇಕು. ಸೊಪ್ಪನ್ನು ಅರ್ಧ ದಿನ ಬಾಡಿಸಿದರೆ ಕುರಿ ಒಗ್ಗಿಕೊಳ್ಳುತ್ತದೆ. ಹಸುವಿಗಾದರೆ ಯೂರಿಯಾ ಉಪಚಾರ ಮಾಡಬಹುದು: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಒಂದು ಗಂಟೆ ಹರವಿ ಘಾಟು ಹೋದ ಮೇಲೆಯೇ ಹಾಕಬೇಕು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಕರಗದ ಯೂರಿಯಾ ಹರಳು ಹೊಟ್ಟೆಗೆ ಹೋದರೆ ಹಸು ಸಾಯುತ್ತದೆ.

ಬೇಸಿಗೆಗೆ ಆಗ ಏನು ಉಳಿಯಿತು? ಎರಡು ಟನ್ ರಾಗಿ ಹುಲ್ಲು ಮತ್ತು, ಮುಂಗಾರಿನಲ್ಲಿ ಬಿಟ್ಟಿದ್ದರಿಂದ ಬಯಲಿನಲ್ಲಿ ನಿಂತೇ ಒಣಗಿದ ಹುಲ್ಲು. ಮೊದಲ ವರ್ಷ ಈ ಎರಡನೆಯದು ಕಡಿಮೆಯಿರುತ್ತದೆ. ಆ ವರ್ಷದ ಮಾರ್ಚ್–ಏಪ್ರಿಲ್‌ನಲ್ಲಿ ನಾಲ್ಕೈದು ಕುರಿಯನ್ನಾದರೂ ಮಾರಬೇಕಾಗಬಹುದು, ಇಲ್ಲವೇ ಮೇವು ಕೊಳ್ಳಬೇಕು. ಈ ವೆಚ್ಚವನ್ನು ಮುಚ್ಚಿಟ್ಟು ರೈತರನ್ನು ಒಪ್ಪಿಸಲು ಹೋಗುವುದು ಅನ್ಯಾಯ. ನಗರಕ್ಕೆ ನೀರು, ಗಾಳಿ, ಹಕ್ಕಿ ಕೊಡುವ ಬಯಲಿನ ಸಲುವಾಗಿ ಮೊದಲ ಎರಡು ವರ್ಷದ ಮೇವಿನ ಕೊರತೆಯನ್ನು ಸಾರ್ವಜನಿಕ ಹಣ ತುಂಬಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮನೆಯಲ್ಲಿರುವ ಈ 45 ದಿನಗಳಿಂದ ಕುರಿಗೂ ಲಾಭವಿದೆ. ಕರುಳುಬೇನೆಯ ಲಸಿಕೆಯನ್ನು ಮಳೆಗೆ ಎರಡು–ಮೂರು ವಾರ ಮೊದಲು ಹಾಕಿಸಿ, ನಂತರ ನಿಧಾನವಾಗಿ ಹಸಿರಿಗೆ ಬಿಟ್ಟರೆ ಸಾವು ಬಹಳ ಕಡಿಮೆಯಾಗುತ್ತದೆ. ಜಂತುನಾಶಕವನ್ನೂ ಮೊದಲ ವಾರದಲ್ಲೇ ಮುಗಿಸಬೇಕು. ಐವರ್‌ಮೆಕ್ಟಿನ್ ಚುಚ್ಚಿದ ಪ್ರಾಣಿಯ ಸಗಣಿಯಲ್ಲಿ ಆ ಔಷಧಿ ವಾರಗಟ್ಟಲೆ ಇದ್ದು ಸಗಣಿ ದುಂಬಿಗಳ ಮರಿಹುಳುವನ್ನು ಕೊಲ್ಲುತ್ತದೆ. ದುಂಬಿ ಇಲ್ಲದ ಬಯಲಿನಲ್ಲಿ ಸಗಣಿ ಹಪ್ಪಳವಾಗಿ ಒಣಗಿ ಹುಲ್ಲನ್ನು ಮುಚ್ಚುತ್ತದೆ, ದುಂಬಿ ತಿನ್ನುವ ಹಕ್ಕಿಗೆ ಊಟ ತಪ್ಪುತ್ತದೆ. ಮನೆಯಲ್ಲೇ ಇದ್ದರೆ ಆ ಸಗಣಿ ತಿಪ್ಪೆಗೆ ಹೋಗುತ್ತದೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್ ದುಂಬಿಗಳಿಗೆ ಅಷ್ಟು ಹಾನಿ ಮಾಡುವುದಿಲ್ಲ. ಆದರೆ ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ. ನೋವಿನ ಔಷಧಿ ಬೇಕಾದಾಗ ಮೆಲಾಕ್ಸಿಕಾಂ ಕೇಳಿ ಹಾಕಿಸಬೇಕು. ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕನ್ನು ಪಶುಗಳಿಗೆ ಬಳಸದಂತೆ 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕನ್ನು 2023ರಲ್ಲಿ ನಿಷೇಧಿಸಲಾಗಿದೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗೆ ಹೆಸರಘಟ್ಟ ದೂರವೇನಲ್ಲ.

ಗೇಣು ಒಳಗೆ, ನಾಲ್ಕು ಬೆರಳು ಹೊರಗೆ

ಪುನರ್ವಸುವಿನ ನಂತರ ಮೇಯಿಸುವುದಕ್ಕೆ ಒಂದೇ ಅಳತೆ. ಹುಲ್ಲು ಒಂದು ಗೇಣು ಎತ್ತರ ಬಂದ ತುಂಡಿಗೆ ಮಂದೆ ಬಿಡುವುದು, ನಾಲ್ಕು ಬೆರಳಿಗೆ ಇಳಿದಾಗ ಹೊರತರುವುದು. ನಾಲ್ಕು ಬೆರಳಿಗಿಂತ ಕೆಳಗಿನ ಭಾಗದಲ್ಲೇ ಜಂತುವಿನ ಮರಿಗಳು ಹೆಚ್ಚು ಇರುವುದರಿಂದ ಇದು ಕುರಿಯ ಆರೋಗ್ಯದ ಅಳತೆಯೂ ಹೌದು. ಹಸು ನಾಲಿಗೆಯಿಂದ ಸುತ್ತಿ ಎಳೆಯುತ್ತದೆ, ಬುಡ ಬಿಡುತ್ತದೆ. ಕುರಿ ತುಟಿ ಆನಿಸಿ ನೆಲಮಟ್ಟಕ್ಕೆ ಕತ್ತರಿಸುತ್ತದೆ. ಅದಕ್ಕೆ ಹಸು ಮೊದಲು, ಕುರಿ ಎರಡು ದಿನ ಬಿಟ್ಟು.

ಎಕರೆಗೆ ಬಳಸಬಹುದಾದದ್ದು ಒಂದು ಬೆಳವಣಿಗೆಗೆ 400 ಕಿಲೋ. 55 ಕಿಲೋದಂತೆ ಏಳು ದಿನ. ಒಮ್ಮೆ ಮೇಯ್ದ ತುಂಡಿಗೆ ಮಳೆಗಾಲದಲ್ಲಿ 35ರಿಂದ 45 ದಿನ ಬಿಡುವು ಬೇಕು. ಹಾಗಾಗಿ ಒಂದು ಮಂದೆಗೆ ಕನಿಷ್ಠ ಆರು, ಅನುಕೂಲವಿದ್ದರೆ ಏಳು ತುಂಡು. ನೆಲಗುಬ್ಬಿಯ ಮೊಟ್ಟೆಗೆ ಕಾವು ಮತ್ತು ಮರಿ ಗೂಡು ಬಿಡುವುದು ಸೇರಿ ಮೂರು–ನಾಲ್ಕು ವಾರ. ಬಿಡುವು 35 ದಿನಕ್ಕಿಂತ ಕಡಿಮೆಯಾಗದಿದ್ದರೆ ಒಂದು ಸಂಸಾರ ಸುರಕ್ಷಿತವಾಗಿ ಏಳುತ್ತದೆ. ತುಂಡುಗಳಿಗೆ ತಂತಿ ಬೇಲಿ ಬೇಡ. ಕಾಲುದಾರಿ, ಬಂಡೆ, ಹಳ್ಳವೇ ಗಡಿ. ಮಂದೆಯನ್ನು ಗಡಿಯೊಳಗೆ ಹಿಡಿಯುವುದು ಕುರಿಗಾಹಿಯ ಕಸುಬು. ಅದಕ್ಕೆ ಕೂಲಿ ಲೆಕ್ಕ ಹಿಡಿಯಬೇಕು.

ಟಿಟ್ಟಿಭ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಗೂಡು ಹತ್ತಿರವಿದೆ ಎಂದರ್ಥ. ಮಂದೆಯನ್ನು ಐವತ್ತು ಹೆಜ್ಜೆ ದೂರಕ್ಕೆ ತಿರುಗಿಸಿದರೆ ಸಾಕು. ಗುರುತಿಗೆಂದು ಕೋಲು ನೆಡಬಾರದು. ಕಾಗೆ ಆ ಕೋಲಿನ ಮೇಲೇ ಕೂರುತ್ತದೆ.

ಇಡೀ ಬಯಲನ್ನು ಒಂದೇ ಎತ್ತರಕ್ಕೆ ತರುವುದು ದೊಡ್ಡ ತಪ್ಪು. ಪ್ರತಿ ವರ್ಷ ತುಂಡುಗಳಲ್ಲಿ ಒಂದನ್ನು ಆಗಸ್ಟಿನಿಂದ ಮಾರ್ಚ್‌ವರೆಗೆ ಮುಟ್ಟದೆ ಬಿಡಬೇಕು. ಲಾವುಗೆಗೆ ಅದು ಮರೆ, ಚಳಿಗಾಲಕ್ಕೆ ಹ್ಯಾರಿಯರ್‌ಗಳ ಮಲಗುತಾಣ. ಮುಂದಿನ ವರ್ಷ ಬೇರೆ ತುಂಡು. ಆದರೆ ಹ್ಯಾರಿಯರ್‌ಗಳು ಈಗಾಗಲೇ ನೆಚ್ಚಿ ಮಲಗುವ ತುಂಡು ಗೊತ್ತಿದ್ದರೆ ಅದನ್ನು ಬದಲಿಸಬಾರದು. ಹೀಗೆ ಬಿಟ್ಟ ತುಂಡಿನ ಸುತ್ತ ಡಿಸೆಂಬರ್–ಜನವರಿಯಲ್ಲಿ ಕುರಿ ಕಟ್ಟಿ ಐದು ಮೀಟರ್ ಪಟ್ಟಿಯನ್ನು ನುಣ್ಣಗೆ ಮೇಯಿಸಿದರೆ ಬೆಂಕಿರೇಖೆ ಆಗುತ್ತದೆ. ಸೂಜಿಹುಲ್ಲು ಬೀಜ ಕಟ್ಟಿದಾಗ ಮಾತ್ರ ಕುರಿ ಬೇಡ. ಆ ಮೊನೆ ತುಪ್ಪಟ ಹೊಕ್ಕು ಚರ್ಮ ಚುಚ್ಚುತ್ತದೆ, ಬಾಯಿ ಹುಣ್ಣಾಗುತ್ತದೆ. ಬೀಜ ಉದುರುವವರೆಗೆ ಹಸುವೂ ದೂರವಿರಲಿ.

ರಾಗಿ ಹೊಲ

ಬಣವೆ ಬರುವುದು ಇಲ್ಲಿಂದ, ಹಾಗಾಗಿ ಕಾಳಿನಷ್ಟೇ ಹುಲ್ಲನ್ನೂ ನೋಡಿ ಬೆಳೆಯಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಪಿಯು-28, ಎಂಎಲ್-365 ಈ ಭಾಗಕ್ಕೆ ಒಗ್ಗಿದ ತಳಿಗಳು. ಕೂರಿಗೆಗೆ ಎಕರೆಗೆ ನಾಲ್ಕರಿಂದ ಐದು ಕಿಲೋ ಬೀಜ, ಸಾಲಿನಿಂದ ಸಾಲಿಗೆ ಒಂದಡಿ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಅಥವಾ ಒಂದು ಸಾಲು ಅವರೆ ಅಕ್ಕಡಿ. ಹುಚ್ಚೆಳ್ಳು, ಅಲಸಂದೆ ಅಂಚಿಗೆ. ಹುಚ್ಚೆಳ್ಳಿನ ಹೂವಿಗೆ ಜೇನು ಮುತ್ತುತ್ತದೆ. ಜೋಳದ ಅಕ್ಕಡಿ ಇಟ್ಟವರು ಕೂಳೆ ಚಿಗುರಿನ ಬಗ್ಗೆ ಎಚ್ಚರವಾಗಿರಬೇಕು: ಮೊಣಕಾಲೆತ್ತರದ ಎಳೆ ಜೋಳ ತಿಂದ ದನ ಸಯನೈಡ್ ವಿಷದಿಂದ ನಿಂತಲ್ಲೇ ಬೀಳುತ್ತದೆ.

ಗೊಬ್ಬರ ಎಕರೆಗೆ ಮೂರು ಟನ್. ಇದರ ಒಂದು ಭಾಗವನ್ನು ಮಂದೆ ಹಾಕಿಸಿ ಪಡೆಯಬಹುದು. ಕುರಿಗೆ ರಾತ್ರಿ ಸುಮಾರು 1.2 ಚದರ ಮೀಟರ್ ಜಾಗ, ಅರ್ಧ ಕಿಲೋ ಹಿಕ್ಕೆ ಎಂದು ಹಿಡಿದರೆ, ದಾರಿಯಲ್ಲಿ ಹೋಗುವ 200 ಕುರಿಯ ಮಂದೆ 17 ರಾತ್ರಿಯಲ್ಲಿ ಒಂದು ಎಕರೆ ಮುಗಿಸುತ್ತದೆ, 1.7 ಟನ್ ಹಿಕ್ಕೆ, ಜೊತೆಗೆ ಗಂಜಲ. ಸ್ವಂತ ನಲವತ್ತು ಕುರಿಗೆ ಅದೇ ಎಕರೆಗೆ 84 ರಾತ್ರಿ ಬೇಕು. ಮಾರ್ಚ್‌ನಿಂದ ಮೇ ತಿಂಗಳೊಳಗೆ ಮುಗಿಸಬೇಕು. ಒದ್ದೆ ನೆಲದಲ್ಲಿ ಮಂದೆ ನಿಲ್ಲಿಸಿದರೆ ಗೊರಸು ಕೊಳೆಯುತ್ತದೆ. ಎದ್ದ ಜಾಗವನ್ನು ಎರಡು ದಿನದೊಳಗೆ ಮೇಲುಮೇಲೆ ಉಳದಿದ್ದರೆ ಸಾರಜನಕ ಘಾಟಾಗಿ ಹಾರಿಹೋಗುತ್ತದೆ.

ಇಲಿಗೆ ಬ್ರೊಮಾಡಿಯೊಲೋನ್ ಇಡಬಾರದು. ವಿಷ ತಿಂದ ಇಲಿಯನ್ನು ಗೂಬೆ, ಗಿಡುಗ ತಿನ್ನುತ್ತವೆ. ರಾಗಿಗೆ ಕೀಟನಾಶಕದ ಅಗತ್ಯವೂ ಅಪರೂಪ, ಮಿಡತೆ ತಿನ್ನಲು ಹ್ಯಾರಿಯರ್‌ಗಳು ಬರುವ ಕಾಲಕ್ಕೇ ರಾಗಿ ತೆನೆ ಕಟ್ಟುತ್ತದೆ. ಕಟಾವಾದ ಮೇಲೆ ಕೂಳೆ ಸುಡದೆ, ಫೆಬ್ರವರಿವರೆಗೆ ಉಳದೆ ಬಿಟ್ಟರೆ ಉದುರಿದ ಕಾಳಿಗೆ ನೆಲಗುಬ್ಬಿ ಹಿಂಡು ಇಳಿಯುತ್ತದೆ.

ಕೆಡುವ ಕಡೆಗಳು

ಬಳ್ಳಾರಿ ಜಾಲಿ ಹರಡುವುದು ಕುರಿಯ ಹೊಟ್ಟೆಯಿಂದಲೇ. ಕಾಯಿ ತಿಂದ ಮಂದೆಯನ್ನು ನಾಲ್ಕೈದು ದಿನ ಹುಲ್ಲುಗಾವಲಿಗೆ ಬಿಡದೆ ಹೊಲದಲ್ಲಿ ನಿಲ್ಲಿಸಬೇಕು. ಅಲ್ಲಿ ಮೊಳೆತದ್ದು ಉಳುಮೆಗೆ ಸಿಗುತ್ತದೆ.

ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲು, ನೆಲ ಒದ್ದೆಯಿದ್ದಾಗ, ಬೇರುಸಹಿತ ಕೀಳಬೇಕು. ಮೆಕ್ಸಿಕೋದಿಂದ ತಂದ ಪಾರ್ಥೇನಿಯಂ ದುಂಬಿಯನ್ನು 1984ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಬಿಟ್ಟದ್ದು ಬೆಂಗಳೂರಿನಲ್ಲಿ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆಲಸದಿಂದ. ಮಳೆಗಾಲದಲ್ಲಿ ಎಲೆಯನ್ನು ಜರಡಿ ಮಾಡಿದ ಗಿಡ ಕಂಡರೆ ಅದರ ಮೇಲೆ ಔಷಧಿ ಹೊಡೆಯಬಾರದು.

ಹುಲ್ಲುಗಾವಲಿನಲ್ಲಿ ಸಸಿ ನೆಡುವುದು ಮತ್ತು ಇಂಗುಗುಂಡಿ, ಕಂದಕ ತೋಡುವುದು ಒಳ್ಳೆಯ ಮನಸ್ಸಿನಿಂದ ಆಗುವ ಹಾನಿ. ಮೇಲ್ಮಣ್ಣು ತೆಳುವಾದ ಈ ನೆಲದಲ್ಲಿ ಹುಲ್ಲಿನ ಬೇರುಜಾಲವೇ ನೀರು ಹಿಡಿಯುವುದು. ಜೆಸಿಬಿ ಅದನ್ನು ಹರಿದ ಜಾಗಕ್ಕೆ ಮೊದಲು ಬರುವುದು ಕಳೆ. ಮರ ಬೇಕಿದ್ದರೆ ಹೊಲದ ಬದುವಿನಲ್ಲಿ ಹೊಂಗೆ, ಊರೊಳಗೆ ಅತ್ತಿ. ಹೊಸ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ. ಇರುವ ತೋಪುಗಳನ್ನು ಕಿತ್ತು ರಾಗಿಗೆ ಮರಳಿಸಿದರೆ ಪ್ರತಿ ಎಕರೆಗೂ ಈ ಮಂದೆಯ 27 ದಿನದ ಮೇವು ಹೆಚ್ಚುತ್ತದೆ.

ಕೃಷಿ ಹೊಂಡದ ಪ್ಲಾಸ್ಟಿಕ್ ಹೊದಿಕೆ ಮೇಲೆ ಮೊಲ, ಹಾವು, ನರಿ ಜಾರಿಬಿದ್ದು ಮೇಲೆ ಬರಲಾಗದೆ ಸಾಯುತ್ತವೆ. ಒಂದು ಮೂಲೆಯಲ್ಲಿ ಒಂದು ಮೀಟರ್ ಅಗಲದ ತೆಂಗಿನ ನಾರಿನ ಬಲೆಯನ್ನು ಗೂಟಕ್ಕೆ ಕಟ್ಟಿ ನೀರಿನ ತಳದವರೆಗೆ ಇಳಿಬಿಡಬೇಕು. ಅದಕ್ಕಿಂತ ಹಳೆಯ ಗೋಕಟ್ಟೆಯ ಹೂಳು ತೆಗೆಯುವುದು ಲೇಸು. ಒಂದು ದಡವನ್ನಾದರೂ ಓರೆಯಾಗಿ ಬಿಟ್ಟರೆ ಕರುವೂ ಹಕ್ಕಿಯೂ ನೀರು ಕುಡಿಯುತ್ತವೆ, ಹೂಳು ರಾಗಿ ಹೊಲಕ್ಕಾಗುತ್ತದೆ.

ಬೀದಿನಾಯಿಗಳ ಸಮಸ್ಯೆಗೆ ಹಿಡುವಳಿ ಮಟ್ಟದಲ್ಲಿ ಉತ್ತರವಿಲ್ಲ. ಬಯಲಿನ ಅಂಚಿನಲ್ಲಿ ಕೋಳಿ ಅಂಗಡಿ, ಹೋಟೆಲ್ ಕಸ ಸುರಿಯುವುದು ನಿಲ್ಲುವವರೆಗೆ ನಾಯಿ ಹಿಂಡು ಮೊಲವನ್ನೂ ಹಕ್ಕಿ ಮರಿಯನ್ನೂ ಕುರಿಯನ್ನೂ ಹಿಡಿಯುತ್ತಲೇ ಇರುತ್ತದೆ.

ಅಳೆಯುವುದು, ಒಪ್ಪಿಸುವುದು

ವರ್ಷಕ್ಕೆರಡು ಸಲ, ಜುಲೈ ಮತ್ತು ನವೆಂಬರಿನಲ್ಲಿ, ಪ್ರತಿ ತುಂಡಿನಲ್ಲಿ ನೇರ ಸಾಲಿನಲ್ಲಿ ನೂರು ಹೆಜ್ಜೆ ನಡೆದು, ಬೂಟಿನ ತುದಿ ತಾಗಿದ್ದು ಬಹುವಾರ್ಷಿಕ ಹುಲ್ಲೇ, ಕಳೆಯೇ, ಬರಿ ಮಣ್ಣೇ ಎಂದು ಬರೆದರೆ ಅದೇ ಶೇಕಡಾವಾರು. ಬರಿ ಮಣ್ಣು ಏರುತ್ತಿದ್ದರೆ ಬಿಡುವು ಸಾಲದು. ಹಕ್ಕಿಗೆ ತಿಂಗಳಿಗೊಮ್ಮೆ ಅದೇ ಒಂದು ಕಿಲೋಮೀಟರ್ ದಾರಿ, ಬೆಳಗಿನ ಅದೇ ಹೊತ್ತು. ಹಕ್ಕಿ ಕಂಡದ್ದನ್ನು ದಾಖಲಿಸುವ ಈಬರ್ಡ್ ಜಾಲತಾಣಕ್ಕೆ ಹಾಕಿದರೆ ದಾಖಲೆ ಉಳಿಯುತ್ತದೆ.

ಒಂದೇ ಮನೆ 45 ದಿನ ಮಂದೆ ಕಟ್ಟಿದರೆ ಆ ಹುಲ್ಲನ್ನು ಪಕ್ಕದ ಮನೆಯ ಮಂದೆ ಮೇಯುತ್ತದೆ. ಊರು ಒಟ್ಟಾಗಿ ಮಾಡಿದರೆ ಮಾತ್ರ ಆಗುವ ಕೆಲಸ ಇದು. ಸಂರಕ್ಷಣಾ ಮೀಸಲಿನಲ್ಲಿ ಅದಕ್ಕೆ ಕಾನೂನಿನ ಜಾಗವೂ ಇದೆ: ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಂ ಪ್ರಕಾರ ಅದರ ನಿರ್ವಹಣಾ ಸಮಿತಿಯಲ್ಲಿ ಅರಣ್ಯ ಇಲಾಖೆಯ ಜೊತೆಗೆ ವ್ಯಾಪ್ತಿಯ ಪ್ರತಿ ಪಂಚಾಯಿತಿಯ ಒಬ್ಬ ಪ್ರತಿನಿಧಿ, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳ ಪ್ರತಿನಿಧಿಗಳು ಇರಬೇಕು. ಪಂಚಾಯಿತಿ ಪ್ರತಿನಿಧಿ ಆ ಸಮಿತಿಗೆ ಒಯ್ಯಬೇಕಾದ ಕಾಗದದಲ್ಲಿ ಇರಬೇಕಾದದ್ದು ಊರಿನ ಒಟ್ಟು ದನ–ಕುರಿ ಸಂಖ್ಯೆ, ಚೌಕಟ್ಟು ಹಾಕಿ ತೂಗಿದ ಹುಲ್ಲಿನ ಲೆಕ್ಕ, ತುಂಡುಗಳ ನಕ್ಷೆ, 45 ದಿನಕ್ಕೆ ಕೊರತೆ ಬೀಳುವ ಮೇವಿನ ಟನ್. ಅದು ಫೆಬ್ರವರಿಯೊಳಗೆ ತಲುಪಬೇಕು, ಏಕೆಂದರೆ ರಾಗಿ ಹುಲ್ಲು ಅಗ್ಗವಾಗಿ ಸಿಗುವುದು ಒಕ್ಕಣೆ ಮುಗಿದ ಆ ಒಂದೆರಡು ತಿಂಗಳಲ್ಲೇ.